ಬಳೆ ಅಂಗಡಿಯ ಹಿಂಬಾಗಿಲು

ಆಳಂದದ ಬಜಾರದ ಬೀದಿಯಲ್ಲಿ ಆರು ಹೊಸ ಮಳಿಗೆ ಕಟ್ಟಿದಾಗ ನಾನು ಗಂಡನ ಮನೆಗೆ ಬಂದು ಮೂರು ವರ್ಷವಾಗಿತ್ತು. ನಿಜಾಮರ ಕಾಲ. ದೊಡ್ಡ ಲಡಾಯಿ ಇನ್ನೂ ಸುರುವಾಗಿರಲಿಲ್ಲ. ನಮ್ಮ ಮನೆಯ ಮುಂಬಾಗಿಲು ಬಜಾರಕ್ಕೆ, ಹಿತ್ತಲ ಬಾಗಿಲು ಓಣಿಗೆ. ಮಾವ ಜೋಳ, ತೊಗರಿ ವ್ಯಾಪಾರ ಮಾಡುತ್ತಿದ್ದರು. ಹೊಲವಿತ್ತು, ದನಗಳಿದ್ದವು. ಮಾವನ ಮಾತು ಅಂಗಡಿಯಲ್ಲಿ ನಡೆಯುತ್ತಿತ್ತು. ಹೊಸ್ತಿಲು ದಾಟಿ ಒಳಗೆ ಬಂದರೆ ಅತ್ತೆಯದೇ.

ಮಳಿಗೆಗಳಿಗೆ ಬಾಗಿಲು ಕೂಡಿಸುವ ಹೊತ್ತಿಗೆ ಕಚೇರಿಯ ಕಾರಕೂನನೊಬ್ಬ ಕಾಗದ ಹಿಡಿದು ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಬೀದಿಯವರಿಗೆ ಯಾವ ಅಂಗಡಿ ಬೇಕೋ ಹೇಳಿರಿ, ಮೇಲಿನವರಿಗೆ ಬರೆದು ಕಳಿಸುತ್ತೇನೆ ಅಂದ. ಗಂಡಸರು ಸೇರಿದರು. ನಾವು ಹೆಂಗಸರು ಬಾಗಿಲ ಹಿಂದೆ ನಿಂತು ಕೇಳಿದೆವು.

"ಗ್ವಾಡಿಗೆ ದೊಡ್ಡ ಕನ್ನಡಿ ಹಚ್ಚಿದ ಕಟಿಂಗ್ ಅಂಗಡಿ ಬೇಕ್ರಿ," ಅಂದ ಎಣ್ಣೆ ವ್ಯಾಪಾರಿಯ ಮಗ.

"ನಿನ್ನ ಮಾರಿಗೆ ಅಷ್ಟು ದೊಡ್ಡ ಕನ್ನಡಿ ಯಾಕಲೇ? ದನ ನೀರು ಕುಡಿಯೋ ಬಾನ್ಯಾಗ ನೋಡ್ಕೋ," ಅಂದರು ಮಾವ.

ಇನ್ನೊಬ್ಬನಿಗೆ ಕುರ್ಚಿ ಹಾಕಿದ ಚಹಾದ ಅಂಗಡಿ ಬೇಕಿತ್ತು. ಹಲ್ಲೆಲ್ಲ ಬಿದ್ದ ಮುದುಕನೊಬ್ಬ ಪುಟಾಣಿ, ಚುರಮುರಿ ಅಂಗಡಿ ಬರೆದುಕೊಳ್ಳಲು ಹೇಳಿದ. "ನೀ ಏನು ಮಾಡ್ತಿ ಕಾಕಾ, ನೆಕ್ಕಿ ಇಡ್ತಿಯೇನು?" ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು. ಆಗ ಅತ್ತೆ ಬಾಗಿಲ ಹಿಂದಿನಿಂದಲೇ ಮಾವನಿಗೆ ಕೇಳುವಂತೆ ಹೇಳಿದರು.

"ಒಂದು ಬಳಿ ಅಂಗಡಿ ಬರಕೊಳ್ಳಾಕ ಹೇಳ್ರಿ. ಇಲ್ಲಂದ್ರ ಇವತ್ತ ಒಲಿ ಹೊತ್ತಂಗಿಲ್ಲ."

ಕಾರಕೂನ ತಲೆ ಎತ್ತದೆ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದುಕೊಂಡ. ಊರ ಹೊರಗಿನ ಕೇರಿಯವರಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ಅವರು ಯಾವ ಅಂಗಡಿಗೆ ಬಂದರೂ ಮೆಟ್ಟಿಲ ಕೆಳಗೆ ನಿಂತು ಕೂಗಬೇಕು, ಸಾಮಾನು ಮೇಲಿನಿಂದ ಅವರ ಸೆರಗಿಗೆ ಬೀಳಬೇಕು. ಅಂಗಡಿ ಹಳೆಯದಾದರೇನು, ಹೊಸದಾದರೇನು.

ಬಳೆ ಅಂಗಡಿಗೆ ಇಷ್ಟೊಂದು ಹಟ ಯಾಕೆ ಅಂದರೆ, ಅಲ್ಲಿಯವರೆಗೆ ಅಫಜಲಪುರದ ಕಡೆಯ ಬಳೆಗಾರನೊಬ್ಬ ಹದಿನೈದು ದಿನಕ್ಕೊಮ್ಮೆ ಗಂಟು ಹೊತ್ತು ಬರುತ್ತಿದ್ದ. ನಡುವೆ ಬಳೆ ಒಡೆದರೆ ಬೋಳು ಕೈ. ಬೋಳು ಕೈ ಗಂಡ ಸತ್ತ ರಂಡೆಯದು. ಬೇರೆ ಮನೆಗಳಲ್ಲಿ ಅರಿಷಿಣದ ದಾರ ಕಟ್ಟಿಕೊಂಡರೆ ನಡೆಯುತ್ತಿತ್ತು, ನಮ್ಮ ಅತ್ತೆಗೆ ನಡೆಯುತ್ತಿರಲಿಲ್ಲ. ಒಮ್ಮೆ ಬಾವಿಯ ಹತ್ತಿರ ಜಾರಿ ಬಿದ್ದು ಎರಡೂ ಕೈಯ ಬಳೆ ಹೋದವು. ನನ್ನ ಮೊಣಕೈ ಒಡೆದು ರಕ್ತ ಸೋರುತ್ತಿತ್ತು. ಅತ್ತೆ ಅದನ್ನು ನೋಡಲಿಲ್ಲ, ಮಣಿಕಟ್ಟು ನೋಡಿದರು. "ನನ್ನ ಮಗ ಇನ್ನೂ ಜೀವಂತ ಅದಾನ. ಅವನ ಕಣ್ಣಿಗೆ ಈ ಕೈ ಬೀಳಬಾರದು," ಎಂದು ನನ್ನನ್ನು ದನದ ಮನೆಯಲ್ಲಿ ಕೂರಿಸಿದರು. ಬಳೆಗಾರ ಬರುವವರೆಗೆ ಮೂರು ದಿನ ಅಲ್ಲೇ ಉಂಡೆ, ಅಲ್ಲೇ ಮಲಗಿದೆ.

ಆ ಮೂರು ದಿನ ನನ್ನ ಜೊತೆ ಮಾತಾಡಿದವಳು ಒಬ್ಬಳೇ. ಕೇರಿಯಿಂದ ದಿನಾ ಮುಂಜಾನೆ ಬಂದು ದನದ ಮನೆಯ ಸಗಣಿ ಬಳಿದು, ಕಸ ಹೊಡೆದು, ಉಳಿದ ರೊಟ್ಟಿ ಕಟ್ಟಿಕೊಂಡು ಹೋಗುವವಳು. ನನ್ನದೇ ವಾರಿಗೆಯವಳು. ದೂರದಲ್ಲಿ ಕಂಬಕ್ಕೆ ಒರಗಿ ನಿಂತು ಮಾತಾಡುತ್ತಿದ್ದಳು. ಅವಳಿಗೆ ಎರಡು ಕೂಸು ಹುಟ್ಟಿ ಎರಡೂ ತಿಂಗಳೊಳಗೆ ಹೋಗಿದ್ದವು.

"ಕುಬಸದ ಬಳಿ ಒಡದ್ರ ಕೂಸು ನಿಲ್ಲಂಗಿಲ್ಲರಿ ಅಕ್ಕೋರ," ಅಂದಳು. "ನನಗ ಎರಡು ಸರ್ತಿನೂ ಒಡದಾವ."

ಬಸಿರಿಗೆ ಕುಬಸ ಮಾಡುವಾಗ ಕೈ ತುಂಬ ಹಸಿರು ಬಳೆ ಇಡಿಸಬೇಕು. ಒಂದೂ ಒಡೆಯಬಾರದು. ಇದನ್ನು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಬಳೆ ಇಡುವುದು ಕೈಚಳಕದ ಕೆಲಸ. ಕೈ ಹಿಡಿದು, ಹೆಬ್ಬೆರಳು ಒಳಗೆ ಮಡಚಿ, ಗೆಣ್ಣು ಒತ್ತಿ ಒಂದೊಂದೇ ದಾಟಿಸಬೇಕು. ಕೇರಿಯ ಹೆಂಗಸರ ಕೈಯನ್ನು ಬಳೆಗಾರ ಹಿಡಿಯುತ್ತಿರಲಿಲ್ಲ. ಹಿಡಿದನೆಂದು ಗೊತ್ತಾದರೆ ನಾವು ಕೈ ಕೊಡುತ್ತಿರಲಿಲ್ಲ. ಅವನು ಬಳೆ ಎಣಿಸಿ ಕಲ್ಲಿನ ಮೇಲೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವರು ಎತ್ತಿಕೊಂಡು ಹೋಗಿ ತಾವೇ ತುರುಕಿಕೊಳ್ಳುತ್ತಿದ್ದರು. ಸಗಣಿ ಬಳಿದು, ಕಲ್ಲು ಹೊತ್ತು ಗಟ್ಟಿಯಾದ ಕೈ. ಒಡೆಯದೆ ಏನಾದೀತು.

"ಅವ ಕೈ ಹಿಡದು ಇಟ್ಟಿದ್ರ ಒಂದೂ ಒಡೀತಿರಲಿಲ್ಲರಿ," ಅಂದಳು.

ನಾನು ಹೂಂ ಅಂದೆ. ನನಗೆ ನನ್ನ ಬೋಳು ಕೈಯ ಚಿಂತೆ.

ಆರು ತಿಂಗಳಲ್ಲಿ ಬಳೆ ಅಂಗಡಿ ಬಂತು. ಕಲಬುರಗಿಯ ಕಡೆಯ ಮುಸಲ್ಮಾನ ಗಂಡಹೆಂಡಿರು. ಗಂಡ ಮಾಲು ತರುತ್ತಿದ್ದ, ಹೆಂಡತಿ ಕೂತು ಬಳೆ ಇಡುತ್ತಿದ್ದಳು. ಮಳಿಗೆಯ ಹಿಂದಿನ ಕೋಣೆಯಲ್ಲೇ ಅವರ ಸಂಸಾರ. ಅವಳ ಕೈ ಎಂಥ ಕೈ ಅಂತೀರಿ, ಬೆಣ್ಣೆಯಲ್ಲಿ ಬೆರಳು ಇಟ್ಟ ಹಾಗೆ ಬಳೆ ಜಾರುತ್ತಿತ್ತು. ನನ್ನ ದಪ್ಪ ಗೆಣ್ಣು ಹಿಡಿದು, "ಕೈ ಮೆತ್ತಗ ಬಿಡು ಬೇಟಿ, ನನ್ನ ಕೂಡ ಯಾಕ ಕುಸ್ತಿ ಹಿಡೀತಿ," ಅನ್ನುತ್ತಿದ್ದಳು. ಮಾತು ಮುಗಿಯುವುದರೊಳಗೆ ಬಳೆ ಮಣಿಕಟ್ಟಿನಲ್ಲಿ. ಬೀದಿಯ ಹೆಂಗಸರೆಲ್ಲ ಅಂಗಡಿ ನಾವೇ ಕಟ್ಟಿಸಿದವರ ಹಾಗೆ ಮೆರೆದೆವು.

ಅಷ್ಟರಲ್ಲಿ ಕೇರಿಯವಳು ಮೂರನೆಯ ಸಲ ಬಸಿರಾಗಿದ್ದಳು, ಏಳನೆಯ ತಿಂಗಳು. ಒಂದು ದಿನ ಸಗಣಿ ಬುಟ್ಟಿ ಇಳಿಸಿ ನಿಂತು ಹೇಳಿದಳು.

"ಅಕ್ಕೋರ, ಆ ಬಳಿಯಾಕಿ ಕೈಲೆ ನನಗೂ ಇಡಸ್ರಿ. ಈ ಕೂಸೊಂದು ಉಳಿದ್ರ ಸಾಕ್ರಿ."

"ಹುಚ್ಚ ಹಿಡದದೇನು ಬೇ ನಿನಗ?"

"ನಿಮ್ಮ ಕುಳ್ಳು ನಾ ತಟ್ಟತೇನಿ. ಒಂದು ತಿಂಗಳು."

ಆ ಮಾತಿಗೆ ನಾನು ಮೆತ್ತಗಾದೆ. ಸಗಣಿ ಕಲಸಿ ಕುಳ್ಳು ತಟ್ಟುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಒಲೆಗೆ ಹೋಗುವ ಕುಳ್ಳಿಗೆ ಅವಳ ಕೈ ಬೇಡವೆಂದು ಅತ್ತೆಯ ಕಟ್ಟಪ್ಪಣೆಯಿತ್ತು. ಅತ್ತೆ ಪೂಜೆಗೆ ಕೂತಾಗ ಅವಳು ತಟ್ಟಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ನಾನು ಕರುಣೆಯಿಂದ ಒಪ್ಪಿದೆನೆಂದು ಬರೆದರೆ ಸುಳ್ಳಾಗುತ್ತದೆ. ಸೊಂಟ ನೋಯುತ್ತಿತ್ತು, ಒಪ್ಪಿದೆ.

ಬಳೆಯವಳನ್ನು ಕೇಳಿದೆ. "ಕೈ ಕೈನೇ ಅಲ್ಲೇನವ್ವಾ. ಮಧ್ಯಾಹ್ನ ಮುಂದಿನ ಬಾಗಲ ಹಾಕ್ತೇನಿ. ಹಿಂದಿನಿಂದ ಬರಾಕ ಹೇಳು," ಅಂದಳು.

ಕೇರಿಯವಳು ಹೋದ ದಿನವೇ ಮಧ್ಯಾಹ್ನ ಅತ್ತೆ ರೊಟ್ಟಿ ಬಡಿಯುವಾಗ ಬಲಗೈಯ ಬಳೆಗಳು ಹಿಟ್ಟು ನಾದುವ ಕೊಣಮಿಗೆಯ ಅಂಚಿಗೆ ತಾಗಿ ಚೂರಾದವು. ಇನ್ನೊಬ್ಬರಿಗೆ ಹೇಳಿದ್ದನ್ನು ತಾವೂ ಪಾಲಿಸುವ ಹೆಂಗಸು. ಬೋಳು ಕೈಯಲ್ಲಿ ಉಣ್ಣುವುದಿಲ್ಲವೆಂದು ಎದ್ದರು. ನನ್ನನ್ನೂ ಜೊತೆಗೆ ಹೊರಡಿಸಿದರು.

"ಈಗ ಬಾಗಲ ಹಾಕಿರ್ತಾರ್ರಿ ಅತ್ತಿ. ತಡದು ಹೋಗೂಣ್ರಿ," ಅಂದೆ.

"ಹಿಂದಿನಿಂದ ಹೋಗೂಣ. ಆಕಿ ಏನು ಮಹಾರಾಣಿಯೇನು?"

ಹೋದೆವು. ಹಿಂದಿನ ಅಂಗಳದಲ್ಲಿ ಚಾಪೆಯ ಮೇಲೆ ಕೇರಿಯವಳು ಹೊಟ್ಟೆ ಮುಂದೆ ಮಾಡಿ ಕೂತಿದ್ದಳು. ಬಳೆಯವಳು ಅವಳ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎಡಗೈ ತುಂಬಿತ್ತು. ಬಲಗೈಗೆ ಇನ್ನು ಒಂದೋ ಎರಡೋ ಬಾಕಿ. ಒಂದೂ ಒಡೆದಿರಲಿಲ್ಲ. ಕೇರಿಯವಳು ನಗುತ್ತಿದ್ದಳು. ಆ ನಗು ಇದ್ದಾಗಲೇ ಅತ್ತೆ ಬಾಗಿಲಲ್ಲಿ ನಿಂತರು.

"ಇದೇ ಕೈಲೆ ನಮಗೂ ಇಡ್ತಿ?"

ಬಳೆಯವಳು ಎದ್ದಳು. "ತೊಳಕೊಂಡು ಇಡ್ತೇನ್ರಿ ಅಮ್ಮಾ."

"ತೊಳದ್ರ ಹೋಗ್ತದೇನು? ಅದನ್ನ ತಗೀ. ಇಲ್ಲಂದ್ರ ನಾಳಿಂದ ಈ ಬೀದಿ ಹೆಣ್ಮಕ್ಕಳು ಒಬ್ಬರೂ ನಿನ್ನ ಮೆಟ್ಟಲ ಹತ್ತಂಗಿಲ್ಲ."

"ಕೈ ಬಾತಾವ್ರಿ, ತಗ್ಯಾಕ ಬರಂಗಿಲ್ಲ."

"ಬರಂಗಿಲ್ಲಂದ್ರ ಒಡೀ."

"ಬಸಿರಿ ಕೈ ಬಳಿ ನಾ ಒಡ್ಯಂಗಿಲ್ಲ," ಅಂದಳು ಬಳೆಯವಳು. "ಅಂಗಡಿ ಹೋದ್ರ ಹೋಗ್ಲಿ."

ಅತ್ತೆ ಅವಳನ್ನು ಬಿಟ್ಟು ಕೇರಿಯವಳ ಕಡೆ ತಿರುಗಿದರು. "ಇಲ್ಲಿಗಿ ಬಾ ಅಂತ ನಿನಗ ಹೇಳಿದವರು ಯಾರು ಬೇ?"

ಅವಳು ಹೇಳಿದರೆ ನನ್ನನ್ನು ತವರಿಗೆ ಅಟ್ಟುತ್ತಾರೆ. ಅವಳು ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. "ನಾನೇ ಬಂದೇನ್ರಿ," ಅಂದಳು.

ಅತ್ತೆ ನಂಬಲಿಲ್ಲ. ಇನ್ನೊಮ್ಮೆ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನೇ ಮುಂದೆ ಹೋದೆ. ಗೋಡೆಯ ಬುಡದಲ್ಲಿ ನೆಲಕ್ಕೆ ಹಾಸುವ ಪರಶಿಕಲ್ಲಿನ ಚೂರು ಬಿದ್ದಿತ್ತು, ಎತ್ತಿಕೊಂಡೆ. "ನಾ ಒಡೀತೇನ್ರಿ ಅತ್ತಿ," ಅಂದೆ. ಬಳೆ ಹೋದರೆ ಕೇಳುವ ಮಾತೂ ಅಲ್ಲಿಗೇ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ. ನಿಂತಿತು ಕೂಡ.

ಅವಳು ಅಳಲಿಲ್ಲ, ಓಡಲಿಲ್ಲ. ಚಾಪೆಯಿಂದ ಸರಿದು ಎರಡೂ ಕೈ ಮೆಟ್ಟಿಲ ಕಲ್ಲಿನ ಮೇಲೆ ಇಟ್ಟಳು. "ಹೊಡೀರಿ ಅಕ್ಕೋರ. ಹೊಟ್ಟಿಗಿ ಮಾತ್ರ ತಾಗಸಬ್ಯಾಡ್ರಿ," ಅಂದಳು.

ಗಂಡ ಸತ್ತವಳ ಬಳೆ ಒಡೆಯುವುದನ್ನು ನಾನು ನೋಡಿದ್ದೆ. ಗಂಡ ಬದುಕಿದ್ದವಳದನ್ನು, ಅದೂ ಹೊಟ್ಟೆಯಲ್ಲಿ ಕೂಸಿದ್ದವಳದನ್ನು, ಒಡೆದವಳು ನಾನೇ. ಹೊಡೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ನನ್ನ ಬೆರಳು ಅವಳಿಗೆ ತಾಗಬಾರದು. ತಾಗಿದರೆ ತಲೆಗೆ ನೀರು ಹಾಕಿಕೊಳ್ಳಬೇಕು, ಮನೆಯಲ್ಲಿ ನೀರು ಕಡಿಮೆಯಿತ್ತು. ಅದಕ್ಕೆ ಕಲ್ಲನ್ನು ತುದಿಯಲ್ಲಿ ಹಿಡಿದು ಹೊಡೆದೆ. ಹಾಗೆ ಹಿಡಿದರೆ ಏಟು ನೆಟ್ಟಗೆ ಬೀಳುವುದಿಲ್ಲ. ಬಳೆಗೆ ಬಿದ್ದಷ್ಟೇ ಚರ್ಮಕ್ಕೂ ಬಿದ್ದವು. ಹಸಿರು ಚೂರು, ರಕ್ತ. ಕೊನೆಗೆ ಅತ್ತೆ ಬಗ್ಗಿ ನೋಡಿ, "ಎಡಗೈಯಾಗ ಇನ್ನೂ ಒಂದದ," ಅಂದರು. ಅದನ್ನೂ ಒಡೆದೆ.

ಅತ್ತೆ ಆಮೇಲೆ ತಮ್ಮ ಕೈ ಚಾಚಿದರು. ಬಳೆಯವಳು, "ಇವತ್ತ ಅಂಗಡಿ ಬಂದ್ ಅದರಿ," ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅತ್ತೆ ಆ ದಿನ ಉಣ್ಣಲಿಲ್ಲ. ಮರುದಿನ ಮಾವ ಕಲಬುರಗಿಯಿಂದ ತರಿಸಿಕೊಟ್ಟ ಬಳೆ ಏರಿಸಿಕೊಂಡ ಮೇಲೆಯೇ ಉಂಡರು.

ಎರಡು ವಾರ ಬೀದಿಯ ಯಾವ ಹೆಂಗಸೂ ಆ ಅಂಗಡಿಯ ಕಡೆ ಹೋಗಲಿಲ್ಲ. ಆಮೇಲೆ ನಾಗರ ಪಂಚಮಿ ಬಂತು. ಪಂಚಮಿಗೆ ಹೊಸ ಬಳೆ ಬೇಕು, ಊರಲ್ಲಿ ಇನ್ನೊಂದು ಅಂಗಡಿ ಇಲ್ಲ. ಮೊದಲು ಹೋದವರು ನಮ್ಮ ಅತ್ತೆ. ಬಳೆಯವಳು ಎಲ್ಲರ ಎದುರಿಗೆ ಕೈ ತೊಳೆದು ತೋರಿಸಿ ಇಟ್ಟಳು. ಅವಳಿಗೂ ಸಾಕಬೇಕಾದ ನಾಲ್ಕು ಮಕ್ಕಳಿದ್ದವು.

ಕೇರಿಯವಳು ಮರುದಿನವೇ ಕೆಲಸಕ್ಕೆ ಬಂದಿದ್ದಳು. ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಗಾಯ ಮಾಯ್ದ ಮೇಲೆ ಬಟ್ಟೆ ಬಿಚ್ಚಿದಳು, ಬಳೆ ಮಾತ್ರ ಇಟ್ಟುಕೊಳ್ಳಲಿಲ್ಲ. ದಿನಾ ಮುಂಜಾನೆ ಅತ್ತೆ ಹಿತ್ತಲ ಬಾಗಿಲು ತೆಗೆದರೆ ಮೊದಲು ಕಾಣುವುದು ಆ ಎರಡು ಬೋಳು ಕೈ. ಬೇರೆ ಹೊತ್ತಿಗೆ ಬಾ ಅಂದರೆ, "ಕೂಲಿಗಿ ಹೋಗಬೇಕ್ರಿ, ಇದೇ ಹೊತ್ತು ನನಗ," ಅನ್ನುತ್ತಿದ್ದಳು.

"ಮುತ್ತೈದಿ ಇದ್ದಿ, ಬಳಿ ಹಾಕ್ಕೊಂಡು ಬಾ," ಅಂದರು ಅತ್ತೆ.

"ಆಗಲಿ ತಗೋರಿ," ಎಂದು ಮರುದಿನ ಹಾಗೇ ಬಂದಳು.

ಅತ್ತೆಗೆ ಅದು ಹತ್ತಿಕೊಂಡಿತು. ಒಂದು ಎಮ್ಮೆಯ ಹಾಲು ಬತ್ತಿತು, ಮಾವನಿಗೆ ಜ್ವರ ಬಂತು. ಎಲ್ಲ ಆ ಕೈ ನೋಡಿದ್ದರಿಂದಲೇ ಅಂದರು. ಕೊನೆಗೆ ತಾವೇ ಒಂದು ಡಜನ್ ಹಸಿರು ಬಳೆ ತಂದು ದನದ ಮನೆಯ ಬಾಗಿಲ ಕಲ್ಲಿನ ಮೇಲೆ ಇಟ್ಟರು. ಅವಳು ಸಗಣಿ ಬಳಿಯುತ್ತ ಬಂದು, ಬಳೆಗಳನ್ನೂ ಸಗಣಿಯ ಜೊತೆಗೇ ಬುಟ್ಟಿಗೆ ಎಳೆದುಕೊಂಡಳು. ಕಾಣದೆ ಎಳೆದಳೋ, ಕಂಡು ಎಳೆದಳೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಕುಳ್ಳು ತಟ್ಟುವುದು ಮತ್ತೆ ನನ್ನ ಪಾಲಿಗೇ ಬಂದಿತ್ತು. ಕಲಸಲು ಕೈ ಹಾಕಿದೆ, ಗಾಜು ಅಂಗೈಯಲ್ಲಿ ಉದ್ದಕ್ಕೆ ಇಳಿಯಿತು.

ಅತ್ತೆ ಅವಳನ್ನು ಬಿಡಿಸುತ್ತೇನೆ ಅಂದರು. ನಾನು ಬೇಡ ಅಂದೆ. ಅವಳ ಮೇಲಿನ ಮರುಕದಿಂದ ಅಲ್ಲ. ಬಳೆ ಒಡೆದದ್ದು ಕೇರಿಗೆಲ್ಲ ಗೊತ್ತಾಗಿತ್ತು, ನಮ್ಮ ಮನೆಗೆ ಬೇರೆ ಯಾರೂ ಬರುತ್ತಿರಲಿಲ್ಲ. ಅವಳು ಹೋದರೆ ದನದ ಮನೆ ಪೂರ್ತಿ ನನ್ನ ಕೊರಳಿಗೆ ಬೀಳುತ್ತಿತ್ತು.

ದಿನ ತುಂಬಿ ಹೆಣ್ಣು ಹುಟ್ಟಿತು. ತಿಂಗಳಾಯಿತು, ಮೂರು ತಿಂಗಳಾಯಿತು, ಕೂಸು ನಿಂತಿತು. ಅದನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸಕ್ಕೆ ಬಂದಳು, ಕೈ ಹಾಗೇ ಬೋಳು. ಅತ್ತೆ ಬಾಗಿಲಲ್ಲಿ ನಿಂತು ಮೊದಲ ಸಲ ದನಿ ಇಳಿಸಿ ಕೇಳಿದರು.

"ಇನ್ನರ ಹಾಕ್ಕೋ ಬೇ. ಆ ಬಳಿಯಾಕಿ ಕೈಲೇ ಇಡಸ್ಕೋ, ನಾ ಏನೂ ಅನ್ನಂಗಿಲ್ಲ."

ಅವಳು ಬುಟ್ಟಿ ಸೊಂಟಕ್ಕೆ ಏರಿಸಿದಳು.

"ಯಾಕ್ರಿ? ಬಳಿ ಇಲ್ಲದೇ ಗಂಡ ಜೀವಂತ ಅದಾನ, ಬಳಿ ಇಲ್ಲದೇ ಕೂಸು ಉಳಿದದ. ಇನ್ನ ನನಗ್ಯಾಕ್ರಿ ಬಳಿ."

ಅತ್ತೆ ಅಲ್ಲಿಂದ ಮುಂದೆ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆಯುವುದನ್ನೇ ಬಿಟ್ಟರು. ಅದನ್ನು ನಾನು ತೆಗೆಯಬೇಕಾಯಿತು.