ಸೈಲೆನ್ಸರಿನ ಎರಡು ತೂತು

ನನ್ನ ಗಂಡ ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ, ಅವರ ಗಿಡಮರ ಕೊಯ್ಯುವ ಮಷಿನ್ ನೋಡಲು ನರಗುಂದದ ಪೇಟೆಯಿಂದ ಒಬ್ಬ ಮಿಸ್ತ್ರಿ ಬಂದ. ನಾನು ಇದ್ದತ್ತಿನಲ್ಲಿದ್ದೆ. ಗಂಡ ಸತ್ತ ಮೇಲೆ ನಮ್ಮಲ್ಲಿ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವುದಿಲ್ಲ, ಪರಗಂಡಸರ ಮುಂದೆ ಬರುವುದಿಲ್ಲ. ಪರದೆಯ ಹಿಂದೆ ಕುಳಿತು ಕೇಳುತ್ತಿದ್ದೆ. ಪಡಸಾಲೆಯಲ್ಲಿ ಮಿಸ್ತ್ರಿಯ ಜೊತೆ ನನ್ನ ಗಂಡನ ಅಣ್ಣ ಇದ್ದರು. ಅವರನ್ನು ನಾನು ಭಾಯಿ ಎನ್ನುತ್ತೇನೆ.

ಮಷಿನ್ ಚಾಲೂ ಆಯಿತು. ಕೊಯ್ಯುವ ಹಲ್ಲಿನ ಚೈನ್ ಮಾತ್ರ ತಿರುಗಲಿಲ್ಲ. ಸುಟ್ಟ ವಾಸನೆ ಪರದೆ ದಾಟಿ ಬಂತು.

"ಇದನ್ನ ಯಾರ್ರೀ ಹಿಂಗ ಹಾಳ ಮಾಡಿದವ್ರು?" ಎಂದ ಮಿಸ್ತ್ರಿ. "ಸೈಲೆನ್ಸರಿಗೆ ಎರಡು ತೂತು ಹೊಡದಾರ. ಎಂಜಿನ್ನಿನ ದಮ್ಮೆಲ್ಲಾ ಅದರಾಗ ಹೊಂಟೈತಿ. ಚೈನ್ ಎಳಿಯಾಕ ಏನ್ ಉಳೀತು? ತೂತು ವೆಲ್ಡಿಂಗ್ ಮಾಡಿ ಮುಚ್ಚತೀನಿ. ಕಂಪನಿಯಿಂದ ಬಂದಂಗ ಮಾಡಿಕೊಡ್ತೀನಿ."

"ಮಾಡ್ರಿ," ಎಂದರು ಭಾಯಿ. "ನನ್ನ ತಮ್ಮಗ ಸುಮ್ಮನ ಕುಂದ್ರಾಕ ಬರ್ತಿದ್ದಿಲ್ಲ. ಏನ್ ತಂದ್ರೂ ಬಿಚ್ಚೋದ."

"ತೂತು ಮುಚ್ಚಬ್ಯಾಡ್ರಿ," ಎಂದೆ.

ನಾಲ್ಕು ತಿಂಗಳಲ್ಲಿ ನಾನು ಅಷ್ಟು ಜೋರಾಗಿ ಆಡಿದ ಮೊದಲ ಮಾತು ಅದು.

ಆ ತೂತುಗಳನ್ನು ಹೊಡೆಯುವಾಗ ಮಷಿನ್ನನ್ನು ಒತ್ತಿ ಹಿಡಿದವಳು ನಾನು. ಊರಲ್ಲಿ ಮೊಬೈಲುಗಳು ಆಗಷ್ಟೇ ಕಾಣಿಸುತ್ತಿದ್ದ ಕಾಲ. ಅಲ್ಲಿಯವರೆಗೆ ನನ್ನ ಗಂಡ ಕೊಡಲಿ, ಗರಗಸ ಹಿಡಿದೇ ಕೆಲಸಕ್ಕೆ ಹೋಗುತ್ತಿದ್ದರು. ಹುಬ್ಬಳ್ಳಿಯಿಂದ ಯಾರೋ ಬಳಸಿ ಬಿಟ್ಟ ಸಣ್ಣ ಮಷಿನ್ ತಂದರು. ಚಿಕ್ಕನರಗುಂದದ ಹೊಲವೊಂದರ ಬದುವಿನಲ್ಲಿ ಜಾಲಿ ಕೊಯ್ಯಲು ಹೋದಾಗ ಅದು ಅರ್ಧಕ್ಕೇ ಸಿಕ್ಕಿಕೊಂಡು ಉಸಿರುಗಟ್ಟಿ ನಿಂತಿತು. ಹೊಲದ ಯಜಮಾನ ಕೇಳಿದನಂತೆ, "ಸಾಹೇಬ್ರ, ಇದರಿಂದ ಗಿಡಾ ಕೊಯ್ತೀರೋ, ಬದನಿಕಾಯಿ ಹೆಚ್ಚತೀರೋ?"

ಅದನ್ನು ನನಗೆ ಹೇಳುವಾಗ ಅವರೂ ನಕ್ಕರು. ಮರುದಿನವೇ ಮಷಿನ್ ಬಿಚ್ಚಿದರು.

ಸೈಲೆನ್ಸರಿನಲ್ಲಿ ಹೊಗೆ ಹೋಗುವ ಕಿಂಡಿ ಕಿರುಬೆರಳಿನಷ್ಟೂ ಇರಲಿಲ್ಲ. ಹೊಗೆ ಬೇಗ ಹೊರಟರೆ ಎಂಜಿನ್ನಿಗೆ ಬಲ ಬರುತ್ತದೆ ಎಂದು ಪಕ್ಕದಲ್ಲಿ ಎರಡು ತೂತು ಹೊಡೆದರು. ಹೊಗೆ ಸಲೀಸಾಗಿ ಹೊರಟರೆ ಪೆಟ್ರೋಲೂ ಹೆಚ್ಚು ಬೇಕು ಎಂಬುದು ಮೊದಲು ತಿಳಿಯಲಿಲ್ಲ. ಪೆಟ್ರೋಲ್ ಸಾಲದೆ ಕಾದು, ಒಂದೇ ವಾರದಲ್ಲಿ ಪಿಸ್ಟನ್ನಿಗೆ ಗೀರು ಬಿತ್ತು. ಹೊಸ ಪಿಸ್ಟನ್ ಹಾಕಿ ಕಾರ್ಬೊರೇಟರಿನ ಸ್ಕ್ರೂ ಚೂರುಚೂರೇ ಸಡಿಲಿಸಿದರು. ಪ್ರತಿ ಸಲ ಪ್ಲಗ್ ಬಿಚ್ಚಿ ನನ್ನ ಮುಂದೆ ಹಿಡಿಯುತ್ತಿದ್ದರು. ಅದರ ತುದಿ ಬಿಳುಚಿದ್ದರೆ ಪೆಟ್ರೋಲ್ ಸಾಲದು, ಕಪ್ಪಾಗಿದ್ದರೆ ಹೆಚ್ಚಾಯಿತು. ಹುರಿದ ಶೇಂಗಾದ ಸಿಪ್ಪೆಯ ಬಣ್ಣ ಬರಬೇಕು. ಬಣ್ಣ ನೋಡಿ ಹೇಳುವುದು ನನ್ನ ಕೆಲಸ.

ಚೈನಿನ ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ. ಹಲ್ಲು ತೀರಾ ಆಳಕ್ಕೆ ಕಚ್ಚದಂತೆ ಅದು ತಡೆಯುತ್ತದೆ. ಹಲ್ಲು ಇನ್ನಷ್ಟು ಕಚ್ಚಲಿ ಎಂದು ಅದನ್ನು ಕಾನಸು ಎಂಬ ಅರದಿಂದ ತೇಯ್ದರು. ಮೊದಲ ಚೈನನ್ನು ತೇಯ್ದದ್ದು ಹೆಚ್ಚಾಯಿತು. ಮಷಿನ್ ಎಗರಿ ಅವರ ಮುಖದವರೆಗೆ ಬಂತು. ಆ ಚೈನನ್ನು ಬಿಸಾಕಿ, ಇನ್ನೊಂದನ್ನು ಕೂದಲೆಳೆಯಷ್ಟೇ ತೇಯ್ದರು. ಜಾಲಿಯ ಪುಡಿ, ಎರೆಮಣ್ಣಿನ ಧೂಳು ಒಳಗೆ ಹೋಗದಂತೆ ಫಿಲ್ಟರಿಗೆ ನನ್ನ ಹಳೆಯ ಓಢಣಿಯ ತುಂಡು ಸುತ್ತಿದರು. ಚೈನ್ ಸುತ್ತಿ ಓಡುವ ಉದ್ದ ಪಟ್ಟಿ ತೆಗೆದು ಗಿಡ್ಡ ಪಟ್ಟಿ ಹಾಕಿದರು. ಅದಾದ ಮೇಲೆ ಕೊಣ್ಣೂರಿನ ಕಡೆಯ ಮೂರು ದಿನದ ಕೆಲಸವನ್ನು ಒಂದೂವರೆ ದಿನಕ್ಕೆ ಮುಗಿಸಿ ಬಂದು, ಕೈಕಾಲು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ವರದಿ ಒಪ್ಪಿಸಿದರು.

ಅವರು ಹೋದದ್ದು ಕಾಮಾಲೆಯಿಂದ, ಎಂಟೇ ದಿನದಲ್ಲಿ. ಮಾತಾಡಿಸಲು ಬಂದವರು "ಚಲೋ ಮನಷ್ಯಾ, ಆದ್ರ ಇದ್ದದ್ದನ್ನ ಕೆಡಸಾಂವ" ಎಂದು ಹೇಳಿ ಹೋಗುತ್ತಿದ್ದರು. ಈಗ ಮಿಸ್ತ್ರಿ ಆ ತೂತು ಮುಚ್ಚಿಬಿಟ್ಟರೆ ಆ ಮಾತೇ ಊರಲ್ಲಿ ಖಾಯಂ ಆಗುತ್ತಿತ್ತು. ಅವರ ಕೈಗೆ ಆ ಹೆಸರು ಉಳಿಯಲು ನಾನು ಬಿಡುವವಳಲ್ಲ.

"ಎಂಜಿನ್ ದನಿ ಕೇಳಿದ್ರೇನು? ಅದಕ್ಕೇನೂ ಆಗಿಲ್ಲ," ಎಂದೆ ಪರದೆಯ ಹಿಂದಿನಿಂದಲೇ.

"ಅಕ್ಕಾರ, ದನಿ ಕೇಳಿ ರಿಪೇರಿ ಮಾಡಾಕ ಅದೇನ್ ರೇಡಿಯೋ ಏನ್ರಿ?" ಎಂದು ಮಿಸ್ತ್ರಿ ನಕ್ಕ.

ಭಾಯಿ ನಗಲಿಲ್ಲ. "ಇದ್ದತ್ ಮುಗಿಯೋತನಾ ಮನ್ಯಾಗ ಇರ್ಲಿ. ಆಮ್ಯಾಲ ಬಂದು ಒಯ್ರಿ," ಎಂದರು. ಇನ್ನೂ ಹದಿನೇಳು ದಿನ ಉಳಿದಿದ್ದವು.

ಮರುದಿನ ಅಡುಗೆಮನೆಯಲ್ಲಿ ಗೋಣಿಚೀಲ ಹಾಸಿ ಮಷಿನ್ ಬಿಚ್ಚಿದೆ. ನಾನು ಓದಿದ್ದು ಏಳನೆಯ ಇಯತ್ತೆ, ಆದರೆ ಯಾವ ಬೋಲ್ಟ್ ಎಲ್ಲಿಯದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ರೊಟ್ಟಿ ಕೊಡಲು ಬಂದ ಎದುರುಮನೆಯ ಅಜ್ಜಿ ಬಾಗಿಲಲ್ಲೇ ನಿಂತರು.

"ಇದೇನಬೇ ಯವ್ವಾ? ದುಃಖದಾಗ ಕುಂದ್ರು ಅಂದ್ರ ಗ್ಯಾರೇಜ್ ತಗದಿ?"

"ಇದ್ದತ್ತಿನ್ಯಾಗ ಮದರಂಗಿ ಹಚ್ಚಬಾರದು ಅಂತೈತ್ರಿ ಅಜ್ಜಿ. ಗ್ರೀಸ್ ಹಚ್ಚಬಾರದು ಅಂತ ಎಲ್ಲೂ ಇಲ್ಲ."

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು, ರೊಟ್ಟಿ ಇಟ್ಟು ಹೋದರು.

ಪಟ್ಟಿಯ ಅಂಚಿನ ಸೀಳಿನೊಳಗೆ, ಚೈನಿನ ಕೀಲುಗಳಲ್ಲಿ ಹಳದಿಯಾದ ಗಟ್ಟಿ ಜಿಗುಟು ಕೂತಿತ್ತು. ಉಗುರಿನಿಂದ ಕೆರೆದೆ. ತಕ್ಷಣ ಗುರುತು ಹಿಡಿದೆ. ನನ್ನ ಕುಸುಬಿ ಎಣ್ಣೆಯ ಡಬ್ಬಿಯ ಕತ್ತಿನ ಸುತ್ತ ಕಟ್ಟುವುದು ಇದೇ ಜಿಗುಟು.

ಚೈನಿಗೆ ಹಾಕುವ ಎಣ್ಣೆ ಆಗ ನರಗುಂದದಲ್ಲಿ ಸಿಗುತ್ತಿರಲಿಲ್ಲ. ಸುಟ್ಟ ಎಂಜಿನ್ ಆಯಿಲ್ ಹಾಕಿ ಅವರ ಅಂಗಿಗಳೆಲ್ಲ ಕಪ್ಪಾಗಿದ್ದವು. ಕುಸುಬಿ ಎಣ್ಣೆ ಹಾಕಿ ನೋಡಿ ಎಂದವಳು ನಾನೇ. ದಿನವೂ ಓಡುವಾಗ ಎಣ್ಣೆ ಹೊಸದಾಗಿ ಹರಿಯುತ್ತಿತ್ತು, ಏನೂ ಆಗಲಿಲ್ಲ. ಆದರೆ ಅವರು ಹೋದ ಮೇಲೆ ಬೇಸಿಗೆಯುದ್ದಕ್ಕೂ ಮಷಿನ್ ಕಾದ ತಗಡಿನ ಚಪ್ಪರದ ಕೆಳಗೆ ನಿಂತಿತ್ತು. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ. ಹಿಡಿಕೆಗೆ ಅವರು ಸುತ್ತಿದ ಸೈಕಲ್ ಟ್ಯೂಬು ಕಂಡರೆ ಸಾಕು, ನಾನು ಒಳಗೆ ಬಂದುಬಿಡುತ್ತಿದ್ದೆ. ಎಣ್ಣೆ ಒಣಗಿ ಚೈನ್ ಬಿಗಿದುಕೊಂಡದ್ದು ಹಾಗೆ.

ಚೈನು, ಪಟ್ಟಿ ಎರಡನ್ನೂ ಮೂರು ದಿನ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕೀಲು ತಿಕ್ಕಿದೆ. ಅಳುತ್ತಲೇ ತಿಕ್ಕಿದೆ. ಅಳು ಬಂತೆಂದು ಕೈ ಬಿಡಲಿಲ್ಲ.

ಇದ್ದತ್ತು ಮುಗಿದ ಮರುದಿನ ಭಾಯಿ ಮಿಸ್ತ್ರಿಯನ್ನು ಕರೆದುಕೊಂಡು ಬಂದರು. ನಾನು ತಲೆಯ ಮೇಲೆ ಸೆರಗು ಬಿಗಿದು ಮಷಿನ್ ಹಿಡಿದು ಹಿತ್ತಲಿಗೆ ಬಂದೆ. ಒಣಗಿದ ಜಾಲಿಯ ತುಂಡೊಂದು ಬಿದ್ದಿತ್ತು. ಹಗ್ಗ ಎಳೆದೆ. ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಪಟ್ಟಿ ನೇರವಾಗಿ ಇಳಿಯಿತು. ತುಂಡು ಎರಡಾಯಿತು.

ಮಿಸ್ತ್ರಿ ಬಗ್ಗಿ ತುಂಡಿನ ಕೊಯ್ದ ಮೈಮೇಲೆ ಅಂಗೈ ಆಡಿಸಿದ. "ಏನ್ ಮಾಡಿದ್ರಿ?" ಎಂದ. ಎಣ್ಣೆಯ ಸಂಗತಿ ಹೇಳಿದೆ.

"ಅಂದ್ರ ತಪ್ಪು ನಿಮ್ದ ಆತಲ್ರೀ ಅಕ್ಕಾರ!"

"ಹೌದ್ರಿ, ನಂದ. ಎಣ್ಣಿ ಕೊಟ್ಟಾಕಿ ನಾ, ಒಣಗಾಕ ಬಿಟ್ಟಾಕೀನೂ ನಾ. ತೂತು ಹೊಡದವ್ರದಲ್ಲ. ಪ್ಯಾಟ್ಯಾಗ ಇದನ್ನೂ ಹೇಳ್ರಿ."

ಅವನು ಹೇಳಿದನೋ ಇಲ್ಲವೋ ಗೊತ್ತಿಲ್ಲ. ಭಾಯಿ ನನ್ನ ಕೈಯಿಂದ ಮಷಿನ್ ತೆಗೆದುಕೊಂಡು ಸೈಲೆನ್ಸರನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಮರುವಾರ ಜಕ್ಕಲಿಯಲ್ಲಿ ಬೇವಿನ ಟೊಂಗೆ ಕೊಯ್ಯುವ ಕೆಲಸ ಹಿಡಿದು ಅದೇ ಮಷಿನ್ ಒಯ್ದರು. ಏನನ್ನೂ ಮುಚ್ಚಿಸಲಿಲ್ಲ.