ಟ್ರ್ಯಾಪ್‌ರಾಕ್ ಗುಡ್ಡದ ಮೇಸ್ತ್ರಿ

ಬೋರಲಿಂಗಯ್ಯನಿಗೆ ಹನ್ನೊಂದು ವಾರದ ಕೂಲಿ ಬಾಕಿ ಇದೆ. ವಾರಕ್ಕೆ ಮುನ್ನೂರಿಪ್ಪತ್ತು ಡಾಲರ್. ಕಳೆದ ವರ್ಷ, ೧೯೮೫ರ ಜುಲೈ ಒಂದರಿಂದ ಸೆಪ್ಟೆಂಬರ್ ಮಧ್ಯದವರೆಗೆ ಅವನು ಕಲ್ಲು ಹೊತ್ತಿದ್ದಾನೆ, ಹೊರಿಸಿದ್ದಾನೆ, ಕೂರಿಸಿದ್ದಾನೆ. ಕೈಗೆ ಒಂದು ಕಾಸೂ ಬಂದಿಲ್ಲ. ಕೊಡಬೇಕಾದವರು ಕೊಡುವುದೇನೂ ಇಲ್ಲ ಅನ್ನುತ್ತಾರೆ, ಅವನದೇ ಸೈ ಇರುವ ಕಾಗದ ತೋರಿಸುತ್ತಾರೆ. ಕಾಗದ ಸುಳ್ಳಲ್ಲ. ಸೈ ಅವನದೇ. ಅದನ್ನು ಯಾಕೆ ಹಾಕಿದ, ಅದರಿಂದ ಒಂಬತ್ತು ಜನರ ಅನ್ನಕ್ಕೆ ಹೇಗೆ ಕುತ್ತು ಬಂತು ಅನ್ನುವುದನ್ನು ಹೇಳಬೇಕಾದರೆ ಮೊದಲು ಮನುಷ್ಯನನ್ನು ಪರಿಚಯ ಮಾಡಿಕೊಡಬೇಕು.

ನೀವು ಅವನನ್ನು ನೋಡಿರುತ್ತೀರಿ. ಇಲ್ಲಿನ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಕೊನೆಯ ಪಂಕ್ತಿಗೆ ಕೂರುವ ಆಸಾಮಿ. ಎಲ್ಲಿ ಕೆಲಸ ಅಂತ ಯಾರಾದರೂ ಕೇಳಿದರೆ "ಪಾರ್ಕಲ್ಲಿ" ಅನ್ನುತ್ತಾನೆ. ಕೇಳಿದವರು ಒಂದು ಗಳಿಗೆ ಪೆಚ್ಚಾಗಿ, ಪಕ್ಕದಲ್ಲಿರುವ ಫಾರ್ಮಾ ಕಂಪನಿಯವನ ಕಡೆ ತಿರುಗಿಕೊಳ್ಳುತ್ತಾರೆ.

ಅವನ ಅಪ್ಪ ಮಂಡ್ಯದ ಕಡೆ ನಾಲೆ ಏರಿಗೆ ಕಲ್ಲು ಕಟ್ಟುವ ಗ್ಯಾಂಗಿನ ಮೇಸ್ತ್ರಿ. ಮಗ ಆ ಗ್ಯಾಂಗಿನಲ್ಲೇ ಬೆಳೆದು, ಸಿವಿಲ್ ಡಿಪ್ಲೊಮಾ ಮುಗಿಸಿ, ೧೯೬೭ರಲ್ಲಿ ಮುಂದಕ್ಕೆ ಓದಲು ನ್ಯೂಜೆರ್ಸಿಗೆ ಬಂದ. ಗ್ರೀನ್ ಕಾರ್ಡ್ ಬಂತು. ಅದರ ಬೆನ್ನಿಗೇ ಸೈನ್ಯದ ಕರೆಯೂ ಬಂತು. ಗ್ರೀನ್ ಕಾರ್ಡಿನವರನ್ನೂ ಆಗ ಸೈನ್ಯಕ್ಕೆ ಎಳೆಯುತ್ತಿದ್ದರು, ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಒಂದು ವರ್ಷ ವಿಯೆಟ್ನಾಂನಲ್ಲಿದ್ದ. ಅದೇ ವರ್ಷ ನಾನು ಮೈಸೂರಿನ ಬೀದಿಯಲ್ಲಿ ಆ ಯುದ್ಧಕ್ಕೆ ಧಿಕ್ಕಾರ ಕೂಗುತ್ತಿದ್ದೆ. ಮೊದಲ ಸಲ ಸಿಕ್ಕಾಗ ಇದನ್ನು ಅವನಿಗೆ ಹೇಳಿದೆ.

"ಒಳ್ಳೇದೇ ಮಾಡ್ದೆ ಬಿಡು," ಅಂದ. "ನಮಗೆ ಕೇಳಿಸ್ಲಿಲ್ಲ, ಅಷ್ಟೆ."

"ನೀನೇನು ಮಾಡಿದೆ ಅಲ್ಲಿ?"

"ರಸ್ತೆ ಮಾಡ್ದೆ. ಅವರು ಒಡೆಯೋರು. ಮತ್ತೆ ಮಾಡ್ತಿದ್ದೆ."

ಅದರ ಮೇಲೆ ಆ ವಿಷಯದಲ್ಲಿ ಒಂದು ಮಾತು ಇವತ್ತಿನವರೆಗೂ ಅವನ ಬಾಯಿಂದ ಬಂದಿಲ್ಲ. ನಾನೂ ಕೆದಕಿಲ್ಲ.

ವಾಪಸ್ ಬಂದವನು ಒಂದು ರಸ್ತೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದ. ೧೯೮೨ರಲ್ಲಿ ಅಲ್ಲಿಂದ ಮನೆಗೆ ಕಳಿಸಿದರು. ಎರಡು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ. ಆಮೇಲೆ ಈ ಕೆಲಸ ಸಿಕ್ಕಿತು. ಓದು ಬಿಟ್ಟ ಹುಡುಗ ಹುಡುಗಿಯರನ್ನೂ, ಯುದ್ಧದಿಂದ ಬಂದು ಎಲ್ಲೂ ಕಾಲೂರದ ಮಾಜಿ ಸೈನಿಕರನ್ನೂ ಒಂದೇ ಗ್ಯಾಂಗಿಗೆ ಹಾಕಿ, ಸಾರ್ವಜನಿಕರ ಕಾಡು ಗುಡ್ಡಗಳಲ್ಲಿ ದಾರಿ, ಒಡ್ಡು, ಕಾಲುಸೇತುವೆ ಕಟ್ಟಿಸುವ ಒಂದು ಸಣ್ಣ ಟ್ರಸ್ಟ್. ದುಡ್ಡು ಕೌಂಟಿಯದು, ಅಂದರೆ ಇಲ್ಲಿನ ಜಿಲ್ಲಾಡಳಿತದ್ದು. ಜನ ಟ್ರಸ್ಟಿನವರು. ಧರ್ಮದ ಕೆಲಸವಲ್ಲ ಇದು. ಬೆಳಗ್ಗೆ ಏಳಕ್ಕೆ ಬಂದವನಿಗೆ ಶುಕ್ರವಾರ ಚೆಕ್ಕು ಸಿಗುತ್ತದೆ. ಬೋರಲಿಂಗಯ್ಯ ಗ್ಯಾಂಗಿನ ಮುಖ್ಯಸ್ಥ. ಅವನ ಕೆಳಗೆ ಒಂಬತ್ತು ಜನ.

ಮಾನ್ಮತ್ ಜಂಕ್ಷನ್‌ನಿಂದ ಅರ್ಧ ಗಂಟೆ ಡ್ರೈವ್ ಮಾಡಿದರೆ ಟ್ರ್ಯಾಪ್‌ರಾಕ್ ಗುಡ್ಡ ಸಿಗುತ್ತದೆ. ಆನೆಮರಿ ಗಾತ್ರದ ಕಪ್ಪು ಬಂಡೆಗಳು. ಅದರ ಮೇಲಿನ ಹಳೆಯ ದಾರಿ ಮಳೆಗೆ ಕೊಚ್ಚಿ ಕೊರಕಲಾಗಿತ್ತು, ಮಣ್ಣೆಲ್ಲ ಕೆಳಗಿನ ತೊರೆಗೆ ಹೋಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ಆ ದಾರಿಗೆ ಕಲ್ಲಿನ ಮೆಟ್ಟಿಲು ಕಟ್ಟಬೇಕೆಂದು ತೀರ್ಮಾನವಾಯಿತು. ಸಿಮೆಂಟು ಇಲ್ಲ, ಯಂತ್ರ ಮೇಲೆ ಹತ್ತುವುದಿಲ್ಲ. ಬೋರಲಿಂಗಯ್ಯ ಅಪ್ಪನ ಕೆಲಸವನ್ನೇ ಅಲ್ಲಿ ಹೂಡಿದ. ಕಲ್ಲಿಗೆ ಹಗ್ಗ ಬಿಗಿದು, ಎರಡು ದಪ್ಪ ಕೋಲು ತೂರಿಸಿ, ನಾಲ್ಕು ಜನ ಹೆಗಲು ಕೊಟ್ಟು ಏರುವುದು. ಒಬ್ಬ "ಐಸಾ" ಅನ್ನಬೇಕು, ಮಿಕ್ಕವರು ಒಂದೇ ಹೆಜ್ಜೆ ಇಡಬೇಕು. ಗ್ಯಾಂಗಿನಲ್ಲಿದ್ದ ಟ್ರೆಂಟನ್ ಪಟ್ಟಣದ ಹುಡುಗರು ಮೊದಲ ದಿನ ನಕ್ಕರು. ಮೂರನೆಯ ದಿನಕ್ಕೆ ಅವರೇ ಕೂಗುತ್ತಿದ್ದರು.

"ಬೋ, ನಿಮ್ಮೂರಲ್ಲಿ ಕ್ರೇನ್ ಇರ್ಲಿಲ್ವಾ?" ಅಂತ ಡ್ವೇನ್ ಇಂಗ್ಲಿಷಿನಲ್ಲಿ ಕೇಳಿದನಂತೆ. ಡ್ವೇನ್ ಟ್ರೆಂಟನ್ನಿನ ಕರಿಯ, ವಿಯೆಟ್ನಾಂ ಕಂಡವನು, ಗ್ಯಾಂಗಿನಲ್ಲಿ ಹಿರಿಯ. ಹದಿನೈದು ವರ್ಷದಲ್ಲಿ ಅವನು ಒಂದೇ ಕಡೆ ಎರಡು ವರ್ಷ ನಿಂತಿದ್ದು ಈ ಕೆಲಸದಲ್ಲಿ ಮಾತ್ರ. ಈ ಸಂಬಳದ ಮೇಲೆ ಒಂದು ಬಾಡಿಗೆ ಮನೆ ಹಿಡಿದಿದ್ದ.

"ಇತ್ತು. ಅಪ್ಪ ಅಂತ ಕರೀತಿದ್ವಿ," ಅಂದನಂತೆ ಇವನು.

ಕಲ್ಲು ಕೂರಿಸುವುದರಲ್ಲಿ ಅವನು ರಾಕ್ಷಸ. ಮೇಲಿನ ಮೆಟ್ಟಿಲು ಕೆಳಗಿನದರ ಹಿಂದಂಚಿನ ಮೇಲೆ ಒಂದು ಗೇಣು ಕೂರಬೇಕು. ಸಂದಿಗೆ ಚಕ್ಕೆ ಕಲ್ಲು ಹಿಂದಿನಿಂದಲೇ ಬಿಗಿಯಬೇಕು. "ಚಕ್ಕೆ ಮುಂದೆ ಕಂಡ್ರೆ ಮೇಸ್ತ್ರಿ ಕಳ್ಳ" ಅನ್ನುವುದು ಅವರಪ್ಪನ ಮಾತು. ಕೂರಿಸಿದ ಕಲ್ಲಿನ ನಾಲ್ಕು ಮೂಲೆಯ ಮೇಲೂ ಡ್ವೇನ್ ಹಾರಿ ಕುಣಿಯಬೇಕು. ಎಲ್ಲಾದರೂ ಟಕ್ ಅಂದರೆ ತೆಗೆದು ಮತ್ತೆ ಕೂರಿಸುವುದು. ಒಂದೇ ಕಲ್ಲನ್ನು ಆರು ಸಲ ತೆಗೆಸಿದ್ದೂ ಉಂಟು. ಬೈಗುಳ ಬಿದ್ದಿವೆ, ಅವನೂ ಬೈದಿದ್ದಾನೆ. ಒಬ್ಬರೂ ಬಿಟ್ಟು ಹೋಗಲಿಲ್ಲ.

ಜುಲೈ ಮೊದಲ ವಾರ ಕೌಂಟಿಯ ದುಡ್ಡು ಬರಲಿಲ್ಲ. ಬಜೆಟ್ಟು ಎಲ್ಲೋ ಸಿಕ್ಕಿಕೊಂಡಿತ್ತು. ಟ್ರಸ್ಟಿನ ಆಫೀಸು ನೋಡಿಕೊಳ್ಳುವ ಮಾರ್ಗರೆಟ್ ಅನ್ನುವ ಹೆಂಗಸು ಬಂದು, ಇರುವ ದುಡ್ಡಿನಲ್ಲಿ ಒಂಬತ್ತು ಚೆಕ್ಕು ಆಗುತ್ತದೆ, ಹತ್ತು ಆಗುವುದಿಲ್ಲ ಅಂದಳು.

"ಒಂಬತ್ತು ಬರೀರಿ," ಅಂದ ಬೋರಲಿಂಗಯ್ಯ.

ಅವರಪ್ಪನ ಗ್ಯಾಂಗಿನಲ್ಲಿ ಅದು ಕಟ್ಟಳೆ. ವಾರದ ಬಟವಾಡೆಯಲ್ಲಿ ಮೇಸ್ತ್ರಿಯ ಕೈ ಕೊನೆಗೆ. ಸಾಲದೆ ಬಂದರೆ ಅವನ ಪಾಲು ನಿಲ್ಲುತ್ತದೆ, ದುಡ್ಡು ಬಂದ ದಿನ ಕೇಳದೆಯೇ ಸಲ್ಲುತ್ತದೆ. ಕೊಡುವವನಿಗೂ ಗೊತ್ತು, ಬಿಟ್ಟವನಿಗೂ ಗೊತ್ತು, ಅದಕ್ಕೆ ಕಾಗದ ಬೇಕಿಲ್ಲ. ಆದರೆ ಮಾರ್ಗರೆಟ್‌ಗೆ ಕಾಗದ ಬೇಕಿತ್ತು. ಸಂಬಳ ಕೊಡದೆ ಕೆಲಸಗಾರನನ್ನು ಸೈಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ವಾಲಂಟಿಯರ್ ಆದರೆ ಅಡ್ಡಿಯಿಲ್ಲ, ಅದಕ್ಕೊಂದು ಫಾರಂ ಇದೆ ಅಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇವನು ಟ್ರಕ್ಕಿನ ಬಾನೆಟ್ ಮೇಲೆ ಇಟ್ಟುಕೊಂಡು ಸೈ ಮಾಡಿಕೊಟ್ಟ. ಮರುವಾರವೂ ಮಾಡಿದ. ಹೀಗೆ ಹನ್ನೊಂದು ಸಲ.

ಈ ಹನ್ನೊಂದು ವಾರ ಅವನ ಮನೆ ನಡೆದದ್ದು ಹೆಂಡತಿ ಚಿಕ್ಕತಾಯಮ್ಮ ನರ್ಸಿಂಗ್ ಹೋಮಿನಲ್ಲಿ ಮಾಡಿದ ಡಬಲ್ ಶಿಫ್ಟಿನಿಂದ. ಅದನ್ನು ಅವಳು ನನಗೆ ಹೇಳಿದ್ದು ಡಿಸೆಂಬರಿನಲ್ಲಿ.

ಆಗಸ್ಟಿನಲ್ಲಿ ಒಂದು ದಿನ ವೆಸ್ಟ್ ವಿಂಡ್ಸರಿನ ರೇಣು ಗುಡ್ಡಕ್ಕೆ ಬಂದಳು. ಅವಳ ಮಗಳು ಮಂಜರಿ ಕಾಲೇಜಿನ ಮೊದಲ ವರ್ಷವೇ ಬಿಟ್ಟು ಈ ಗ್ಯಾಂಗಿಗೆ ಸೇರಿದ್ದಳು. ಮನೆಯಲ್ಲಿ ಎರಡು ತಿಂಗಳಿಂದ ಮಾತುಕತೆ ನಿಂತಿತ್ತು. ಆವತ್ತು ನಾನೂ ಅಲ್ಲಿದ್ದೆ. ರೇಣು ಚಪ್ಪಲಿಯಲ್ಲಿ ಏದುಸಿರು ಬಿಡುತ್ತಾ ಅರ್ಧ ಗುಡ್ಡ ಹತ್ತಿ ನಿಂತಳು.

"ಬೋರಲಿಂಗಯ್ಯನೋರೇ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಇವಳಿಗೆ. ಕಲ್ಲು ಹೊರೋದಕ್ಕಾ ನಾವು ಈ ದೇಶಕ್ಕೆ ಬಂದಿದ್ದು?"

"ಮಾಮ್, ಐ ಆಮ್ ವರ್ಕಿಂಗ್," ಅಂದಳು ಮಂಜರಿ, ಕೋಲಿನ ಕೆಳಗಿನಿಂದ.

"ಬುದ್ಧಿ ಆಮೇಲೆ ಹೇಳಣ," ಅಂದ ಬೋರಲಿಂಗಯ್ಯ. "ಕಲ್ಲು ಜಾರ್ತಾ ಇದೆ. ಆ ಹಗ್ಗದ ತುದಿ ಹಿಡ್ಕೊಳಿ ನೀವು. ಗಟ್ಟಿಯಾಗಿ."

ಅವಳು ಹಿಡಿದುಕೊಂಡಳು. ಬೇರೆ ದಾರಿ ಇರಲಿಲ್ಲ. ಹತ್ತು ನಿಮಿಷ ಆ ಹೆಂಗಸು ಹಗ್ಗ ಕೈಗೆ ಸುತ್ತಿಕೊಂಡು ಹಿಂದಕ್ಕೆ ವಾಲಿ ನಿಂತಿದ್ದಳು. ಕಲ್ಲು ಕೂತ ಮೇಲೆ ಮಗಳು ಅದರ ಮೂಲೆ ಮೂಲೆಗೂ ಹಾರಿದಳು. ಮೂರನೆಯ ಮೂಲೆ ಟಕ್ ಅಂದಿತು.

"ತೆಗಿ," ಅಂದ ಮೇಸ್ತ್ರಿ.

"ಅಯ್ಯೋ, ಎಷ್ಟು ಚೆನ್ನಾಗಿ ಕೂತಿದೆಯಲ್ಲ, ಬಿಡಿ," ಅಂದಳು ರೇಣು.

"ಬಿಡಂಗಿಲ್ಲ ಆಂಟಿ," ಅಂದ ಡ್ವೇನ್. ಅವನಿಗೆ ಗೊತ್ತಿದ್ದ ಎರಡೂ ಕನ್ನಡ ಮಾತು ಅದರಲ್ಲಿದ್ದವು. ರೇಣು ಎರಡು ತಿಂಗಳಲ್ಲಿ ಮೊದಲ ಸಲ ಮಗಳ ಮುಖ ನೋಡಿ ನಕ್ಕಳು. ಹೋಗುವಾಗ ಚಿತ್ರಾನ್ನದ ಡಬ್ಬಿ ಬಿಟ್ಟು ಹೋದಳು, ಬುದ್ಧಿ ಹೇಳಿಸುವುದನ್ನು ಮರೆತು.

ಸೆಪ್ಟೆಂಬರ್ ಮಧ್ಯಕ್ಕೆ ಕೆಲಸ ಮುಗಿಯಿತು. ನೂರಾ ಹನ್ನೆರಡು ಮೆಟ್ಟಿಲು. ನಾನು ಒಂದೊಂದನ್ನೂ ತುಳಿದು ನೋಡಿದ್ದೇನೆ, ಒಂದೂ ಅಲ್ಲಾಡುವುದಿಲ್ಲ. ಆಮೇಲೆ ಎರಡು ಜಡಿಮಳೆ ಬಂದು ಹೋದವು, ಕೆಳಗಿನ ತೊರೆಯಲ್ಲಿ ನೀರು ತಿಳಿಯಾಗಿಯೇ ಹರಿಯಿತು. ಕೌಂಟಿಯ ದುಡ್ಡೂ ಬಂತು. ಆದರೆ ಹನ್ನೊಂದು ವಾರದ ಲೆಕ್ಕದಲ್ಲಿ ಮೇಸ್ತ್ರಿಯ ಹೆಸರಿನ ಮುಂದೆ ವಾಲಂಟಿಯರ್ ಅಂತ ಇತ್ತು. ವಾಲಂಟಿಯರ್‌ಗೆ ಕೊಡಲು ಯಾವ ಬಾಬತ್ತೂ ಇರಲಿಲ್ಲ. ಮಾರ್ಗರೆಟ್ ಅತ್ತಳು. ಇವನು ಹೋಗಲಿ ಬಿಡಿ ಅಂದ.

ಇಲ್ಲೇ ನನಗೆ ಅವನ ಮೇಲೆ ಸಿಟ್ಟು. ಬಿಟ್ಟಿ ದುಡಿಯುವವನು ತನ್ನ ಹೊಟ್ಟೆಯ ಮೇಲೆ ಮಾತ್ರ ಹೊಡೆದುಕೊಳ್ಳುವುದಿಲ್ಲ. ಪಕ್ಕದವನ ಕೂಲಿಗೂ ಕಲ್ಲು ಹಾಕುತ್ತಾನೆ. ಮೂವತ್ತು ವರ್ಷದ ಕಾರ್ಮಿಕ ಚಳವಳಿ ನಮಗೆ ಕಲಿಸಿದ್ದು ಅದೊಂದೇ. ಅವನಿಗೆ ಅದು ತಿಳಿದದ್ದು ಡಿಸೆಂಬರಿನಲ್ಲಿ, ಕೌಂಟಿಯ ಪ್ರಸ್ತಾವ ಹೊರಗೆ ಬಂದಾಗ. ಒಂದೂವರೆ ಪುಟದ ಕಾಗದ. ಟ್ರ್ಯಾಪ್‌ರಾಕ್ ಗುಡ್ಡದ ಮೆಟ್ಟಿಲನ್ನು ಬಾಯ್ತುಂಬ ಹೊಗಳಿದ್ದರು. ಇಷ್ಟು ಉತ್ತಮ ಕೆಲಸ ಒಬ್ಬ ವಾಲಂಟಿಯರ್‌ನ ನೇತೃತ್ವದಲ್ಲಿ ಆಗಿರುವುದರಿಂದ, ಮುಂದೆ ಇಂಥ ಕೆಲಸಗಳನ್ನು ಶನಿವಾರದ ವಾಲಂಟಿಯರ್‌ಗಳಿಂದಲೇ ಮಾಡಿಸಬಹುದು; ಸಂಬಳದ ಗ್ಯಾಂಗ್ ಅನಗತ್ಯ ಅಂತ ಬರೆದಿದ್ದರು.

ಡ್ವೇನ್ ಆ ಕಾಗದ ಹಿಡಿದುಕೊಂಡು ಇವನ ಮನೆಗೆ ಬಂದ. ನಾನು ಅಲ್ಲಿ ಕಾಫಿ ಕುಡಿಯುತ್ತಿದ್ದೆ.

"ಬೋ, ನೀನು ಫ್ರೀಯಾಗಿ ಕಲ್ಲು ಹೊತ್ತೆ. ದೊಡ್ಡ ಮನುಷ್ಯ ನೀನು. ಈಗ ನನ್ನನ್ನೂ ದೊಡ್ಡ ಮನುಷ್ಯ ಆಗು ಅಂತಿದಾರೆ. ನನ್ನ ಬಾಡಿಗೆಯವನು ಒಪ್ತಾನಾ ಕೇಳು."

ಬೋರಲಿಂಗಯ್ಯ ಕಾಗದವನ್ನು ಎರಡು ಸಲ ಓದಿದ. ಮಡಿಚಿ ಮೇಜಿನ ಮೇಲಿಟ್ಟ.

"ಹೋಗಿ ಕೇಳ್ಬೇಕು," ಅಂದಳು ಚಿಕ್ಕತಾಯಮ್ಮ, ಒಲೆಯ ಮುಂದಿನಿಂದ.

"ಏನಂತ ಕೇಳ್ಲಿ? ಸೈ ಮಾಡಿದೀನಲ್ಲ."

"ನನ್ನ ಕೂಲಿ ಕೊಡಿ ಅಂತ ಕೇಳಿ. ಕೂಲಿ ಕೇಳೋಕೆ ನಾಚ್ಕೊಳ್ಳೋರು ಕೂಲಿಯೋರಿಗೆ ಮೇಸ್ತ್ರಿ ಆಗ್ಬಾರ್ದು. ನಿಮ್ಮಪ್ಪನೂ ಕೇಳ್ತಿರ್ಲಿಲ್ಲ, ನಿಮ್ಮಮ್ಮ ಹೋಗಿ ಕೇಳ್ಕೊಂಡು ಬರೋಳು. ನಾನು ಹೋಗಲ್ಲ. ನನಗೆ ಶಿಫ್ಟಿದೆ."

ಈ ಜನವರಿ ಇಪ್ಪತ್ತೊಂದರ ಮಂಗಳವಾರ ಸಂಜೆ ಕೌಂಟಿಯ ಸಭೆ. ಸಾರ್ವಜನಿಕರು ಮಾತಾಡಬಹುದು, ಒಬ್ಬೊಬ್ಬರಿಗೆ ಮೂರು ನಿಮಿಷ. ಬೋರಲಿಂಗಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೈಕಿನ ಮುಂದೆ ನಿಂತು ಅದರ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸೈನ್ಯಕ್ಕೆ ಹೋಗಿ ಬಂದವನು ಇಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

"ನಾನು ವಾಲಂಟಿಯರ್ ಅಲ್ಲ," ಅಂದ. "ನಿಮ್ಮ ಕಾಗದದಲ್ಲಿ ಇರೋದು ತಪ್ಪು. ತಪ್ಪು ನಂದೇ."

ಅಧ್ಯಕ್ಷ ಸೌಮ್ಯ ಮನುಷ್ಯ. "ಆದರೆ ಸಹಿ ಮಾಡಿದ್ದೀರಲ್ಲ?" ಅಂದ.

"ಮಾಡಿದೀನಿ. ನಮ್ಮ ಕಡೆ ಮೇಸ್ತ್ರಿ ಕೊನೇಗೆ ತಗೋತಾನೆ. ತಗೊಳ್ಳೋದೇ ಇಲ್ಲ ಅಂತಲ್ಲ."

"ಅಂದರೆ ನಿಮಗೆ ಈಗ ಆ ಹಣ ಬೇಕು?"

ಅವನು ತಿರುಗಿ, ಹಿಂದೆ ಕೂತಿದ್ದ ಗ್ಯಾಂಗಿನವರ ಕಡೆ ನೋಡಿದ. "ನನಗಲ್ಲ, ಹುಡುಗರಿಗೆ" ಅಂದು ಇವನು ದೊಡ್ಡತನ ತೋರಿಸಿಬಿಡುತ್ತಾನೆ ಅಂತ ನಾನು ಹೆದರಿದೆ. ತೋರಿಸಲಿಲ್ಲ.

"ಬೇಕು," ಅಂದ. "ನಾನು ಬೇಡ ಅಂದ್ರೆ ನೀವು ಅವರಿಗೂ ಕೊಡಲ್ಲ. ಶನಿವಾರ ಬರೋರು ಒಳ್ಳೆಯವರೇ, ಬರಲಿ. ಆದರೆ ಆ ಕಲ್ಲನ್ನು ಆರು ಸಲ ತೆಗೆದು ಕೂರಿಸಿ ಅಂದ್ರೆ ಅವರು ಮನೆಗೆ ಹೋಗ್ತಾರೆ. ಯಾಕೆ ಹೋಗ್ಬಾರ್ದು? ಇವರು ಹೋಗಲಿಲ್ಲ. ಇದು ಇವರ ಕೆಲಸ."

ಮೂರು ನಿಮಿಷದಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು. ಬಂದು ಕೂತ. ಡ್ವೇನ್ ಅವನ ಕಡೆ ನೋಡದೆ, ಚೂಯಿಂಗ್ ಗಮ್ ಜಗಿಯುವುದನ್ನು ನಿಲ್ಲಿಸಿ, "ನಾಟ್ ಬ್ಯಾಡ್, ಮೇಸ್ತ್ರಿ" ಅಂದ. ಜೀವನದಲ್ಲಿ ನೂರಾರು ಭಾಷಣ ಕೇಳಿದ್ದೇನೆ, ಮಾಡಿದ್ದೇನೆ. ನಾಚಿಕೆಯನ್ನು ನುಂಗಿಕೊಂಡು ಮಾಡಿದ ಆ ಒಂದು ನಿಮಿಷದ ಮಾತಿನ ಮುಂದೆ ಅವೆಲ್ಲ ಜೊಳ್ಳು.

ಸಭೆ ತೀರ್ಮಾನ ಮಾಡಲಿಲ್ಲ. ಅಧ್ಯಕ್ಷ ಕುರ್ಚಿಗಳ ಕಡೆ ಕಣ್ಣು ಹಾಯಿಸಿ, ಈ ವಿಷಯದಲ್ಲಿ ಸಾರ್ವಜನಿಕರಿಗೆ ಹೆಚ್ಚಿನ ಆಸಕ್ತಿ ಇದ್ದಂತೆ ಕಾಣುವುದಿಲ್ಲ, ಆದರೂ ಮುಂದಿನ ಸಭೆಯಲ್ಲಿ ಮತಕ್ಕೆ ಹಾಕೋಣ ಅಂದ. ಅವನು ಹೇಳಿದ್ದು ನಿಜ. ನಾನು ಎಣಿಸಿದೆ. ಗ್ಯಾಂಗಿನವರನ್ನು ಬಿಟ್ಟರೆ ಆ ಕೋಣೆಯಲ್ಲಿ ಹನ್ನೊಂದು ಜನ. ನಮ್ಮವರು ರೇಣು ಮತ್ತು ನಾನು.

ಅಕ್ಟೋಬರಿನಲ್ಲಿ ಎಲೆ ಬಣ್ಣ ತಿರುಗಿದಾಗ ಆ ಗುಡ್ಡದ ಮೇಲೆ ನಿಮ್ಮನ್ನೆಲ್ಲ ನೋಡಿದ್ದೇನೆ. ಇಂಡಿಯಾದಿಂದ ಬಂದ ಅತ್ತೆ ಮಾವನನ್ನು ಕೈ ಹಿಡಿದು ಹತ್ತಿಸಿ, ಮಂಡಿ ನೋವಿನವರೂ ತುದಿಗೆ ಬಂದರು ಅಂತ ಫೋಟೋ ತೆಗೆದುಕೊಂಡಿರಿ. ಯಾರು ಕಟ್ಟಿದ್ದು ಅಂತ ಒಬ್ಬರೂ ಕೇಳಲಿಲ್ಲ. ಅದಕ್ಕೆ ಈಗ ಬೈಯುತ್ತಿಲ್ಲ. ಶಾಲು ಹೊದಿಸಿ ಹಣ್ಣು ಕೊಡುವುದೂ ಬೇಡ, ಅವನಿಗಾಗಿ ಚಂದಾ ಎತ್ತುವುದೂ ಬೇಡ. ಮತಕ್ಕೆ ಹಾಕುವ ಸಭೆ ಫೆಬ್ರವರಿ ಹದಿನೆಂಟು, ಮಂಗಳವಾರ, ಸಂಜೆ ಏಳು ಗಂಟೆ, ಕೌಂಟಿ ಕಟ್ಟಡದ ಎರಡನೆಯ ಮಹಡಿ. ಮೈಕಿನ ಮುಂದೆ ಹೆಸರು ಹೇಳಿ, ಊರು ಹೇಳಿ, ಈ ಗ್ಯಾಂಗನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ ಅನ್ನಿ. ಇಂಗ್ಲಿಷಿನಲ್ಲಿ ಏಳು ಪದ ಸಾಕು. ಆವತ್ತು ಸಂಜೆ ನಿಮಗೆ ಅದಕ್ಕಿಂತ ದೊಡ್ಡ ಕೆಲಸ ಏನಿದೆ, ನನಗೆ ಫೋನ್ ಮಾಡಿ ಹೇಳಿ. ಇಲ್ಲದಿದ್ದರೆ ಬನ್ನಿ.