ಅಂಗೈಯಿಂದ ಜಾರಿದ ಲಿಂಗ

ಶರಣ ಬಂಧುಗಳೇ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ನೆಮ್ಮದಿಯಾಗಿ ಕೂರುವುದು ಎಷ್ಟು ದೊಡ್ಡ ಭಾಗ್ಯವೆಂದು ಅದನ್ನು ಕಳೆದುಕೊಂಡವರಿಗೇ ಗೊತ್ತು. ೧೯೮೭ರ ಶ್ರಾವಣದಲ್ಲಿ, ಅಜ್ಜಂಪುರದ ನಮ್ಮ ಮನೆಯಲ್ಲಿ, ಪೂಜೆಗೆ ಕುಳಿತಿದ್ದ ನನ್ನ ಎಡಗೈಯಿಂದ ಲಿಂಗ ಜಾರಿ ಮಡಿಲಿಗೆ ಬಿತ್ತು. ಪಕ್ಕದಲ್ಲೇ ನನ್ನ ವಾರಗಿತ್ತಿ ಶಾರದ, ಮೈದುನನ ಹೆಂಡತಿ, ಕುಳಿತಿದ್ದಳು. ಅವಳ ಅಂಗೈಯ ಲಿಂಗ ಅಲ್ಲಾಡಲಿಲ್ಲ.

"ಮನಸ್ಸು ನೆಟ್ಟಗಿದ್ರೆ ಲಿಂಗ ಯಾಕೆ ಜಾರುತ್ತೆ? ಶಾರದನ್ನ ನೋಡಾದ್ರೂ ಕಲೀಬಾರ್ದೇನೇ," ಅಂದರು ಅತ್ತೆ.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಶಾರದನನ್ನು ನೋಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಸೊಸೆಯಾಗಿ ಬಂದ ಮೇಲೆ ನಾನು ಇನ್ನೇನನ್ನೂ ನೋಡಿದವಳಲ್ಲ. ಸೋಮವಾರ ಮಠದ ಗದ್ದುಗೆಗೆ ನಮ್ಮ ಮನೆಯಿಂದ ಹೂಮಾಲೆ ಹೋಗುವ ಪದ್ಧತಿ. ಇಬ್ಬರೂ ಎದುರುಬದುರು ಕುಳಿತು ಕಟ್ಟುತ್ತಿದ್ದೆವು. ಯಾರ ಮಾಲೆ ಉದ್ದ ಎಂದು ಅವಳು ಎಂದೂ ನೋಡಲಿಲ್ಲ. ನಾನು ನೋಡದೆ ಎದ್ದದ್ದೇ ಇಲ್ಲ.

ಈಚೆಗೆ ನೂಲಿನ ಗಂಟು ನನ್ನ ಬೆರಳಿಗೆ ಸಿಗುತ್ತಿರಲಿಲ್ಲ. ರವಿಕೆ ಗುಂಡಿ ಹಾಕಲು ಹೆಣಗಬೇಕಿತ್ತು. ನಡೆದರೆ ಕಾಲು ತೂರಾಡುತ್ತಿತ್ತು. ತರೀಕೆರೆಯಲ್ಲಿ ತೋರಿಸಿದಾಗ ನಿಶ್ಶಕ್ತಿ ಎಂದು ಟಾನಿಕ್ ಕೊಟ್ಟರು. ಟಾನಿಕ್ ಕುಡಿದು ಮೈ ತುಂಬಿತೇ ಹೊರತು ಬೆರಳು ಮಾತು ಕೇಳಲಿಲ್ಲ. ಅತ್ತೆ ಹೇಳಿದ ಹಾಗೆ ಮನಸ್ಸಿನದೇ ದೋಷವೆಂದು ನಾನೂ ನಂಬಿದೆ. ಉಪವಾಸ ಹೆಚ್ಚಿಸಿದೆ, ಪೂಜೆಗೆ ಇನ್ನಷ್ಟು ಹೊತ್ತು ಕುಳಿತೆ. ಲಿಂಗ ಮತ್ತೆ ಮತ್ತೆ ಜಾರಿತು. ಕೊನೆಗೆ ಅಳುತ್ತಾ ಬೇಡಿಕೊಂಡೆ: "ಗುರುವೇ, ಶಾರದನ ಕೈ ನನಗೆ ಕೊಡು. ಅದಾಗದಿದ್ದರೆ ಅವಳ ಕೈಯೂ ಹೀಗೇ ಆಗಲಿ."

ಕಡೂರಿಗೆ ಹೊಸ ಡಾಕ್ಟರು ಬಂದಿದ್ದಾರೆಂದು ಯಾರೋ ಹೇಳಿದರು. ಹೊಲದಲ್ಲಿ ಈರುಳ್ಳಿ ಕೀಳುವ ಕಾಲ, ಯಜಮಾನರು ಬರುವ ಹಾಗಿರಲಿಲ್ಲ. ಜೊತೆಗೆ ಹೊರಟವಳು ಶಾರದನೇ. ಬೀರೂರಿನಲ್ಲಿ ಬಸ್ಸು ಬದಲಿಸುವಾಗ ಮೆಟ್ಟಿಲು ಹತ್ತಲು ಅವಳ ತೋಳನ್ನೇ ಹಿಡಿಯಬೇಕಾಯಿತು. ಮೈಯೆಲ್ಲ ಉರಿಯಿತು.

ಡಾಕ್ಟರು ಬೇಗ ಬೇಗ ಮುಷ್ಟಿ ಕಟ್ಟಿ ಬಿಡಿಸಲು ಹೇಳಿದರು. ನನ್ನ ಬೆರಳು ಸೋಮಾರಿಯ ಹಾಗೆ ಎದ್ದವು. ಅವರು ನನ್ನ ನಡುಬೆರಳ ಉಗುರನ್ನು ಚಿಮ್ಮಿದರೆ ಹೆಬ್ಬೆರಳು ತಾನೇ ಒಳಗೆ ಎಗರಿತು.

"ಇವಳ್ದೂ ಒಂದ್ಸಲ ನೋಡಿ ಡಾಕ್ಟ್ರೇ," ಅಂದೆ. ಅವಳದೂ ಎಗರಲಿ ಎಂಬ ಆಸೆ. ಚಿಮ್ಮಿದರು. ಶಾರದನ ಹೆಬ್ಬೆರಳು ಮಿಸುಕಲಿಲ್ಲ. ಅಲ್ಲೂ ಅವಳೇ ಪಾಸು.

"ನಿಮ್ಗೆ ಯಾವಾಗಿಂದ ಹೀಗಮ್ಮ?"

"ಯುಗಾದೀಲಿ ಇಬ್ರ ಮಾಲೇನೂ ಸಮ ಇತ್ತು. ಬಸವ ಜಯಂತಿಗೆ ಅವಳ್ದು ಒಂದು ಮೊಳ ಮುಂದೆ ಹೋಯ್ತು. ಶ್ರಾವಣಕ್ಕೆ ತನ್ನದು ಮುಗ್ಸಿ ನನ್ನ ಬುಟ್ಟಿಗೂ ಕೈ ಹಾಕ್ಬಿಟ್ಲು."

ಶಾರದ ನನ್ನನ್ನೇ ನೋಡಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಇಷ್ಟು ಸರಿಯಾಗಿ ಯಾರೂ ಹೇಳಲ್ಲ. ಬಹಳ ಬೇಗ ಹೆಚ್ತಾ ಇದೆ. ಇದು ನಿಶ್ಶಕ್ತಿ ಅಲ್ಲಮ್ಮ, ಕುತ್ತಿಗೆಯೊಳಗೆ ನರದ ಹುರಿ ಒತ್ತಿಕೊಂಡಿರೋ ಹಾಗಿದೆ. ತಡ ಮಾಡಿದ್ರೆ ನಡೆಯೋದೂ ನಿಂತೋಗುತ್ತೆ. ಬೆಂಗಳೂರಲ್ಲಿ ನರ ಪರೀಕ್ಷೆ ಮಾಡೋ ಮೆಷಿನ್ ಇದೆ. ಕೊಯ್ಯಲ್ಲ, ನೋವಾಗಲ್ಲ. ಈ ವಾರವೇ ಹೋಗಿ."

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕುತ್ತಿಗೆಗೆ, ತಲೆಗೆ ಅಂಟು ಹಚ್ಚಿ ವೈರು ಕೂರಿಸಿದರು. ಮಣಿಕಟ್ಟಿಗೆ ಸಣ್ಣಗೆ ಕರೆಂಟು ಕುಟ್ಟಿದ ಹಾಗಾಗುತ್ತಿತ್ತು, ಹೆಬ್ಬೆರಳು ಕುಣಿಯುತ್ತಿತ್ತು. ಅಲ್ಲಿಯ ಡಾಕ್ಟರು ಹೇಳಿದರು: "ಕೈಯಿಂದ ಹೊರಟ ಸುದ್ದಿ ಕುತ್ತಿಗೆವರೆಗೂ ಸರಿಯಾಗಿ ಬರ್ತಿದೆ. ಅಲ್ಲಿಂದ ತಲೆಗೆ ಹೋಗೋದು ತಡ ಆಗ್ತಿದೆ."

ನಾನು ಅಲ್ಲೇ ಅತ್ತುಬಿಟ್ಟೆ. ರೋಗಕ್ಕೆ ಹೆದರಿ ಅಲ್ಲ. ತಪ್ಪು ಕುತ್ತಿಗೆಯದು, ನನ್ನ ಭಕ್ತಿಯದಲ್ಲ ಎಂದು ಗೊತ್ತಾಗಿ. ಎಕ್ಸ್‌ರೇಗಳೂ ಅದನ್ನೇ ಹೇಳಿದವು. ಆಪರೇಷನ್ ಆಯಿತು. ಕೈಗೆ ಹಿಡಿತ ಬರುವವರೆಗೆ ತಲೆ ಬಾಚಿದ್ದು, ಅನ್ನ ಕಲಸಿ ತಿನ್ನಿಸಿದ್ದು ಶಾರದನೇ. ಅದೂ ಅಚ್ಚುಕಟ್ಟಾಗಿ, ಹೆಸರಿಡಲು ಒಂದು ಎಡೆಯೂ ಇಲ್ಲದ ಹಾಗೆ.

ಹೊಟ್ಟೆಕಿಚ್ಚು ಪಾಪವೆಂದು ಹಿರಿಯರು ಹೇಳುತ್ತಾರೆ, ನಿಜವೇ ಇರಬಹುದು. ಆದರೆ ಅವಳ ಮಾಲೆಯನ್ನು ಅಳೆಯುವ ಕಣ್ಣು ನನಗಿಲ್ಲದಿದ್ದರೆ ನಾನು ಇನ್ನೂ ಟಾನಿಕ್ ಕುಡಿಯುತ್ತಾ ಹಾಸಿಗೆ ಹಿಡಿದಿರುತ್ತಿದ್ದೆ. ನನ್ನಲ್ಲಿದ್ದ ಆ ಕಿಚ್ಚಿನಿಂದಲೇ ಗುರು ನನ್ನನ್ನು ಉಳಿಸಿದ.

ಶಿವರಾತ್ರಿಗೆ ಮತ್ತೆ ಎದುರುಬದುರು ಕುಳಿತು ಹೂ ಕಟ್ಟಿದೆವು. ಅವಳದು ಒಂದು ಗೇಣು ಮುಂದೆ.

"ಅಳೆದಾಯ್ತೇನಕ್ಕಾ?" ಅಂದಳು ಶಾರದ, ತಲೆ ಎತ್ತದೆ.

"ಆಯ್ತು ಕಣೇ," ಅಂದೆ. ಆ ಗೇಣು ಈಗಲೂ ಉರಿಸುತ್ತದೆ. ಆಮೇಲೆ ಪೂಜೆಗೆ ಕುಳಿತೆ. ಅವಳ ಕೈ ಬೇಡಿದ್ದೆ. ಗುರು ನನ್ನ ಕೈಯನ್ನೇ ನನಗೆ ಕೊಟ್ಟಿದ್ದ. ಲಿಂಗ ಅದರಲ್ಲಿ ನಿಂತಿತು.